ತಾತ್ಕಾಲಿಕಕ್ಕೂ ಒಂದು ತಾರೀಖು

ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಬೇಕು, ಅಡ್ಡಕ್ಕಲ್ಲ. ಅಡ್ಡ ಕತ್ತರಿಸಿದರೆ ರಬ್ಬರ್ ಬ್ಯಾಂಡು ಸಿಗುತ್ತದೆ, ಅಷ್ಟೆ. ಉದ್ದಕ್ಕೆ ಸೀಳಿದರೆ ಎರಡು ಬೆರಳಗಲದ, ಒಂದು ಮಾರುದ್ದದ ಪಟ್ಟಿ ಕೈಗೆ ಬರುತ್ತದೆ. ಅದನ್ನು ಒಡೆದ ಪೈಪಿಗೆ ಸುಮ್ಮನೆ ಸುತ್ತಿದರೆ ನೀರು ನಿಲ್ಲುವುದಿಲ್ಲ. ಎಳೆದು ಎಳೆದು, ಇನ್ನೇನು ಹರಿಯಿತು ಅನ್ನುವಷ್ಟು ಎಳೆದು, ಒಂದು ಸುತ್ತಿನ ಅರ್ಧದ ಮೇಲೆ ಮುಂದಿನ ಸುತ್ತು ಕೂರುವ ಹಾಗೆ ಸುತ್ತಬೇಕು. ಇಷ್ಟನ್ನು ನನಗೆ ಕಲಿಸಿದವರು ತಮಿಳುನಾಡಿನ ಆನೈಮಲೈಯ ಒಬ್ಬ ಪ್ಲಂಬರು. ಕಲಿತು ಬೆಂಗಳೂರಿಗೆ ಬಂದ ಮೇಲೆ, ಯಾರ ಮನೆಗೆ ಹೋದರೂ ಮೊದಲು ಅವರ ಪೈಪು ನೋಡುವ ಚಾಳಿ ಅಂಟಿಕೊಂಡಿದೆ.

ಆನೈಮಲೈ ಅಂದಕೂಡಲೇ ನಮ್ಮವರು ಕೇಳುವುದು ಟಾಪ್‌ಸ್ಲಿಪ್‌ನ ಆನೆ, ವಾಲ್ಪಾರೈಯ ಟೀ ತೋಟ. ಅವೆಲ್ಲ ಮೇಲೆ, ಬೆಟ್ಟದಲ್ಲಿ. ಅದೇ ಹೆಸರಿನ ಊರು ಬೆಟ್ಟದ ಬುಡದಲ್ಲಿದೆ, ಪೊಳ್ಳಾಚಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಮಲಗಿದ ಭಂಗಿಯಲ್ಲಿರುವ ಮಾಸಾಣಿಯಮ್ಮನ ಗುಡಿ ಅಲ್ಲಿಯ ಹೆಸರು ಹೊತ್ತ ಜಾಗ. ಅನ್ಯಾಯಕ್ಕೆ ಒಳಗಾದವರು, ಒಡವೆ ಕಳೆದುಕೊಂಡವರು ಅಲ್ಲಿಯ ನ್ಯಾಯದ ಕಲ್ಲಿಗೆ ಕೆಂಪು ಮೆಣಸಿನಕಾಯಿ ಅರೆದು ಹಚ್ಚುತ್ತಾರೆ. ‘ಈಗ ಬಂದೆ’ ಎಂದು ಫೋನಿನಲ್ಲಿ ಹೇಳಿ ಸಂಜೆಯಾದರೂ ಬಾರದ ಪ್ಲಂಬರುಗಳ ಮೇಲೂ ಯಾರಾದರೂ ಅರೆದಿರಬಹುದು ಎಂಬುದು ನನ್ನ ಗುಮಾನಿ.

ಗುಡಿ ದಾಟಿದರೆ ತೆಂಗು. ವೇಟ್ಟೈಕಾರನ್‌ಪುದೂರ್ ಕಡೆಗೆ ಹೋಗುವ ದಾರಿಯಲ್ಲಿ ಎಡಕ್ಕೂ ಬಲಕ್ಕೂ ತೆಂಗೇ. ನಡುವೆ ಅಲ್ಲಲ್ಲಿ ನಾರಿನ ಮಿಲ್ಲು, ಮಿಲ್ಲಿನ ಮುಂದೆ ಬಿಸಿಲಿಗೆ ಹರಡಿದ ಹೊಂಬಣ್ಣದ ನಾರು, ಹಿಂದೆ ಗುಡ್ಡದ ಹಾಗೆ ಬಿದ್ದ ಸಿಪ್ಪೆಯ ಪುಡಿ. ಎಂಟು ಹೊಳೆಗಳ ನೀರನ್ನು ಅಣೆಕಟ್ಟು, ಸುರಂಗ, ಕಾಲುವೆಗಳಿಂದ ಜೋಡಿಸಿ ಬಯಲಿಗೆ ತಿರುಗಿಸಿದ ಪರಂಬಿಕುಳಂ–ಆಳಿಯಾರ್ ಯೋಜನೆಯ ಸೀಮೆ ಇದು. ಆ ನೀರಿನ ಹಂಚಿಕೆಗೆ ತಮಿಳುನಾಡು ಮತ್ತು ಕೇರಳ ಸಹಿ ಹಾಕಿದ್ದು 1970ರ ಮೇ 29ರಂದು. ತಕರಾರು ಇನ್ನೂ ಮುಗಿದಿಲ್ಲ. ಇಂಥ ಕಡೆ ಪೈಪಿನಲ್ಲಿ ನೀರು ಸೋರುವುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ ಎಂದುಕೊಂಡು ಹೋಗಿದ್ದೆ. ನೋಡಿದರೆ, ತೆಗೆದುಕೊಳ್ಳುತ್ತಾರೆ. ಎಲ್ಲ ಕಡೆಯ ಹಾಗೆಯೇ.

ನಾನು ಉಳಿದಿದ್ದು ಗೆಳೆಯನೊಬ್ಬನ ತಾಯಿಯ ತೋಟದ ಮನೆಯಲ್ಲಿ. ಪೊಳ್ಳಾಚಿ, ನೆಗಮಂ, ಉಡುಮಲೈ ಸುತ್ತಮುತ್ತ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ದೇವಾಂಗರ ಮತ್ತು ಒಕ್ಕಲಿಗರ ಮನೆಗಳು ಬೇಕಾದಷ್ಟಿವೆ. ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತಲ್ಲ, ಅದನ್ನು ನೇಯುವ ಕೈಗಳಲ್ಲಿ ಹಲವು ಇವರವೇ. ಈ ಅಮ್ಮನದೂ ಅಂಥದೇ ಮನೆ. ತಮಿಳರ ಮಾರ್ಗಳಿ ತಿಂಗಳ ಚಳಿ. ರಾತ್ರಿ ತುಂಬಿಸಿ ಮಲಗಿದ್ದ ಐನೂರು ಲೀಟರಿನ ಟ್ಯಾಂಕು ಬೆಳಗ್ಗೆ ಖಾಲಿ. ಮೋಟರ್ ಹಾಕಿ ಮತ್ತೆ ತುಂಬಿಸಲು ಹೊರಟರೆ, ಬಚ್ಚಲಮನೆಯ ಹೊರಗೋಡೆಯ ಮೇಲೆ, ಎಲ್ಬೋದಿಂದ ಒಂದಡಿ ಕೆಳಗೆ, ಪಿವಿಸಿ ಪೈಪಿನಿಂದ ಸೂಜಿಯಂತೆ ತೆಳ್ಳಗೆ ನೀರು ಚಿಮ್ಮುತ್ತಿತ್ತು. ಕೆಳಗೆ ಕನಕಾಂಬರದ ಪಾತಿ. ಅದಕ್ಕೇ ರಾತ್ರಿಯಿಡೀ ಸದ್ದಾಗಿರಲಿಲ್ಲ.

‘ಗೇಟ್‌ವಾಲ್ವ್ ತಿರುಗ್ಸು’ ಎಂದರು ಅಮ್ಮ. ತಿರುಗಿಸಲು ಹೋದೆ. ಅದು ಅಲುಗಲಿಲ್ಲ. ಹಾಕಿಸಿದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಸೀಮೆಯ ಗಡಸು ನೀರಿನ ಸುಣ್ಣ ಒಳಗೆ ಕಟ್ಟಿ ಸ್ಪಿಂಡ್ಲನ್ನು ಹಿಡಿದುಬಿಟ್ಟಿತ್ತು. ರೆಂಚ್ ಹಾಕಿ ಬಲವಂತ ಮಾಡಿದರೆ ಹಿಡಿಯೇ ಮುರಿದು ಬರುವ ಲಕ್ಷಣ.

ಪ್ಲಂಬರು ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬಂದರು. ಅರವತ್ತು ದಾಟಿದ ಮನುಷ್ಯ, ಮಂಕಿ ಕ್ಯಾಪು, ಹ್ಯಾಂಡಲಿಗೆ ನೇತುಹಾಕಿದ ಗೋಣಿಯ ಚೀಲ. ಅಪ್ಪ ಮಗ್ಗದವರು, ಇವರು ಪೈಪಿನವರು. ಮನೆಮಾತು ಕನ್ನಡವೆಂದು ತಿಳಿದ ಮೇಲೆ ನನಗೆ ಸಲೀಸಾಯಿತು. ಪೈಪನ್ನು ಒಮ್ಮೆ, ಗೇಟ್‌ವಾಲ್ವನ್ನು ಒಮ್ಮೆ ನೋಡಿ, ಏನೂ ಹೇಳದೆ ಅಂಗಳದ ಮೂಲೆಗೆ ಹೋದರು. ಅಲ್ಲಿ ಸುಲಿದ ತೆಂಗಿನ ಸಿಪ್ಪೆಯ ರಾಶಿ ಬಿದ್ದಿತ್ತು. ಒಂದೊಂದಾಗಿ ಎತ್ತಿ, ಒತ್ತಿ ನೋಡಿ, ಒಂದನ್ನು ಆರಿಸಿ ಮಚ್ಚಿನಿಂದ ಕೆತ್ತತೊಡಗಿದರು. ಒಂದು ತುದಿ ಹೆಬ್ಬೆರಳ ಗಾತ್ರ, ಇನ್ನೊಂದು ತುದಿ ಹಿಡಿಯಷ್ಟು. ಕೆತ್ತಿದ್ದಕ್ಕೆ ಹಾಲಿನ ಕವರೊಂದನ್ನು ಸುತ್ತಿ ದಾರ ಕಟ್ಟಿದರು. ತಾರಸಿ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಭುಜದವರೆಗೆ ಕೈ ಇಳಿಸಿ, ಒಳಗಿನಿಂದ ನೀರು ಹೊರಡುವ ಬಾಯಿಗೆ ಅದನ್ನು ತುರುಕಿದರು. ಕೆಳಗೆ ಚಿಮ್ಮುತ್ತಿದ್ದ ನೀರು ಸೊರಗಿ, ತೊಟ್ಟಿಕ್ಕಿ, ನಿಂತಿತು.

‘ಇದು ಕಿತ್ಕೊಂಡು ಬರಲ್ವಾ ಅಣ್ಣ?’

‘ಯಾಕೆ ಬರುತ್ತೆ? ನೀರೇ ಅದನ್ನ ಒಳಕ್ಕೆ ದಬ್ತಾ ಇದೆಯಲ್ಲ ಸಾರ್.’

ಸರಿಯಾದ ಮಾತು. ಟ್ಯಾಂಕಿನೊಳಗೆ ಒಂದು ಮೀಟರ್ ನೀರಿದ್ದರೆ, ಒಂದೂಕಾಲು ಇಂಚಿನ ಬಾಯಿಯ ಮೇಲೆ ಬೀಳುವ ಭಾರ ಮುಕ್ಕಾಲು ಕಿಲೋ ಚಿಲ್ಲರೆ. ಬಿರಡೆಯನ್ನು ಗಟ್ಟಿ ಕೂರಿಸಲು ಅಷ್ಟು ಸಾಕು, ಕೆಲಸ ಮುಗಿದ ಮೇಲೆ ಕೈಯಿಂದ ಕಿತ್ತು ತೆಗೆಯುವುದೂ ಕಷ್ಟವಲ್ಲ.

ಆಮೇಲೆ ಟ್ಯೂಬಿನ ಕೆಲಸ. ಕೆಳಗಿನ ನಲ್ಲಿಗಳನ್ನೆಲ್ಲ ತಿರುಗಿಸಿ ಪೈಪಿನಲ್ಲಿದ್ದ ನೀರು ಬಸಿದರು. ಒಣಬಟ್ಟೆಯಿಂದ ಒರೆಸಿದರು, ಮತ್ತೆ ಒರೆಸಿದರು. ತೂತಿನಿಂದ ನಾಲ್ಕು ಬೆರಳು ಕೆಳಗೆ ಪಟ್ಟಿಯ ತುದಿ ಇಟ್ಟು, ಅದರ ಮೇಲೇ ಎರಡು ಸುತ್ತು ಹಾಕಿ ಬಿಗಿದು, ಮೇಲಕ್ಕೆ ಏರತೊಡಗಿದರು. ನನ್ನ ಕೈಗೂ ಒಂದಷ್ಟು ಹೊತ್ತು ಪಟ್ಟಿ ಕೊಟ್ಟರು. ‘ಎಳೀರಿ ಸಾರ್. ಇನ್ನೂ ಎಳೀರಿ. ಹರಿದ್ರೆ ಚೀಲದಲ್ಲಿ ಇನ್ನೊಂದೈತೆ.’ ತೂತು ದಾಟಿ ನಾಲ್ಕು ಬೆರಳು ಮೇಲೆ ಹೋಗಿ, ತಿರುಗಿ ಕೆಳಗೆ ಬಂದು, ಕೊನೆಯ ತುದಿಯನ್ನು ಹಿಂದಿನ ಸುತ್ತಿನ ಅಡಿಗೆ ಸಿಕ್ಕಿಸಿ ಎಳೆದರು. ಗಂಟು ಇಲ್ಲ, ಅಂಟು ಇಲ್ಲ. ಎಳೆದ ರಬ್ಬರು ತನ್ನ ಮೊದಲಿನ ಅಳತೆಗೆ ಮರಳಲು ಹವಣಿಸುತ್ತದೆ. ಆ ಹವಣಿಕೆಯೇ ಇಲ್ಲಿ ಅಂಟು. ಒಂದರ ಮೇಲೊಂದು ಬಿದ್ದ ಎಂಟು ಹತ್ತು ಸುತ್ತುಗಳು ಒಟ್ಟಿಗೆ ಒಳಕ್ಕೆ ಹಿಚುಕುತ್ತವೆ.

ಬಿರಡೆ ಕಿತ್ತರು. ನೀರು ಇಳಿಯಿತು. ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದೆ, ತೇವವೂ ಇಲ್ಲ.

ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ಆಮೇಲೆ ಅವರು ಮಾಡಿದ ಕೆಲಸ. ಕಿವಿಯ ಸಂದಿನಿಂದ ಬಡಗಿಯ ಪೆನ್ಸಿಲ್ ತೆಗೆದು, ಪೈಪಿನ ಪಕ್ಕದ ಸುಣ್ಣದ ಗೋಡೆಯ ಮೇಲೆ ಆ ದಿನದ ತಾರೀಖು ಬರೆದರು. ಅದರ ಕೆಳಗೆ ಒಂದು ಗೆರೆ ಎಳೆದು, ಹದಿನೈದು ದಿನ ಮುಂದಿನ ತಾರೀಖು. ‘ಅಷ್ಟರಲ್ಲಿ ಪೈಪ್ ತಂದಿಡಿ ಅಮ್ಮಾ, ಬಂದು ಕಟ್ ಮಾಡಿ ಕೂರಿಸ್ತೀನಿ.’ ಟ್ಯೂಬಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅದು ಪಂಕ್ಚರ್ ಅಂಗಡಿಯ ಕಸ ಎಂದರು. ಅವರು ಹೋದ ಮೇಲೆ ಮನೆಯ ಸುತ್ತ ಒಂದು ಸುತ್ತು ಬಂದೆ. ಹಿಂದಿನ ಗೋಡೆಯಲ್ಲಿ, ದನದ ಕೊಟ್ಟಿಗೆಯ ನಲ್ಲಿಯ ಬಳಿ, ಅದೇ ಪೆನ್ಸಿಲಿನ ಅದೇ ಕೈಬರಹದ ಇನ್ನೊಂದು ತಾರೀಖು ಸಿಕ್ಕಿತು. ಗೆರೆಯ ಕೆಳಗಿನ ತಾರೀಖು 2019ರದ್ದು. ಟ್ಯೂಬು ಹಾಗೇ ಇತ್ತು, ಬಿಸಿಲಿಗೆ ಬಿರುಕು ಬಿಟ್ಟು, ಅಂಚಿನಲ್ಲಿ ಪಾಚಿ ಕಟ್ಟಿ. ಅಮ್ಮನನ್ನು ಕೇಳಿದರೆ, ‘ಸೋರ್ತಾ ಇಲ್ವಲ್ಲಪ್ಪ’ ಎಂದರು.

ತಾತ್ಕಾಲಿಕ ರಿಪೇರಿಯ ದೊಡ್ಡ ಶತ್ರು ಅದರ ಯಶಸ್ಸೇ. ಕೆಟ್ಟ ರಿಪೇರಿ ಎರಡು ದಿನಕ್ಕೆ ಬಿಚ್ಚಿಕೊಂಡು ಪ್ಲಂಬರನ್ನು ಮತ್ತೆ ಕರೆಸುತ್ತದೆ. ಒಳ್ಳೆಯದು ಆರು ವರ್ಷ ಸುಮ್ಮನಿದ್ದು, ಮನೆಯಲ್ಲಿ ಮದುವೆಯ ನೆಂಟರು ತುಂಬಿದ ದಿನ ಬಿಚ್ಚಿಕೊಳ್ಳುತ್ತದೆ.

ಅಷ್ಟಕ್ಕೂ ಒಂದು ರಬ್ಬರ್ ಪಟ್ಟಿ ನೀರನ್ನು ಹೇಗೆ ತಡೆಯುತ್ತದೆ? ಉತ್ತರ ನಮ್ಮ ಮನೆಗಳ ತಾರಸಿಯ ಮೇಲಿದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬ ಒಂದು ಚದರ ಸೆಂಟಿಮೀಟರಿನ ಮೇಲೆ ಹಾಕುವ ಒತ್ತಡ ಒಂದು ಕಿಲೋ. ಟ್ಯಾಂಕು ನಲ್ಲಿಗಿಂತ ಆರು ಮೀಟರ್ ಮೇಲಿದ್ದರೆ, ಆರುನೂರು ಗ್ರಾಂ. ಎರಡು ಮಿಲಿಮೀಟರ್ ತೂತಿನ ಮೇಲೆ ಅದು ಹಾಕುವ ಬಲ ಬರೀ ಹತ್ತೊಂಬತ್ತು ಗ್ರಾಂ. ಒಂದು ಪುಟ್ಟ ನಿಂಬೆಹಣ್ಣಿನ ತೂಕವೂ ಇಲ್ಲ. ಅಷ್ಟನ್ನು ತಡೆಯಲು ಸೈಕಲ್ ಟ್ಯೂಬು ಧಾರಾಳ. ಆದರೆ ತಡೆಯದೆ ಬಿಟ್ಟರೆ ಅದೇ ತೂತಿನಿಂದ ಗಂಟೆಗೆ ಎಪ್ಪತ್ತು ಲೀಟರಿನಷ್ಟು ಹೋಗುತ್ತದೆ. ಐನೂರು ಲೀಟರ್ ಬೆಳಗಾಗುವುದರೊಳಗೆ ಖಾಲಿಯಾದ ಲೆಕ್ಕ ಇದೇ. ನಲ್ಲಿಯಿಂದ ಸೆಕೆಂಡಿಗೆ ಒಂದು ತೊಟ್ಟು ಬಿದ್ದರೂ, ಇಪ್ಪತ್ತು ತೊಟ್ಟಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ದಿನಕ್ಕೆ ನಾಲ್ಕು ಲೀಟರು ಮೇಲೆ, ವರ್ಷಕ್ಕೆ ಒಂದೂವರೆ ಸಾವಿರ ಲೀಟರು.

ಇದೇ ಲೆಕ್ಕ ಟ್ಯೂಬು ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳುತ್ತದೆ. ಬೋರ್‌ವೆಲ್ ಮೋಟರಿನಿಂದ ಟ್ಯಾಂಕಿಗೆ ಏರುವ ಪೈಪಿನಲ್ಲಿ ಒತ್ತಡ ಹೆಚ್ಚು, ಮೋಟರ್ ಹಾಕಿದಾಗ ಆರಿಸಿದಾಗ ನೀರು ಗುದ್ದುವುದು ಬೇರೆ. ಅಲ್ಲಿ ಪಟ್ಟಿ ಕಟ್ಟುವುದು ಕಾಲಹರಣ. ಪ್ರೆಶರ್ ಪಂಪ್ ಹಾಕಿಸಿಕೊಂಡ ಅಪಾರ್ಟ್‌ಮೆಂಟಿನವರೂ ನಂಬಿ ಕೂರಬಾರದು. ಉದ್ದಕ್ಕೆ ಸೀಳಿದ ಪೈಪಿನಲ್ಲಿ ಸೀಳು ಪಟ್ಟಿಯಡಿಯಲ್ಲೇ ಮುಂದಕ್ಕೆ ಹರಿಯುತ್ತದೆ. ಟೀ, ಎಲ್ಬೋಗಳ ಮೂಲೆಯಲ್ಲಿ ಪಟ್ಟಿ ಸರಿಯಾಗಿ ಕೂರುವುದೇ ಇಲ್ಲ. ಬಿಸಿನೀರಿನ ಪೈಪಿನಲ್ಲಿ ರಬ್ಬರು ಬೇಗ ಮೆತ್ತಗಾಗುತ್ತದೆ.

ಟ್ಯೂಬಿಗಿಂತ ನನ್ನ ತಲೆ ಕೆಡಿಸಿದ್ದು ಆ ಸಿಪ್ಪೆಯ ಬಿರಡೆ. ನಾರಿನ ಸೀಮೆಯಲ್ಲಿ ಕೂತು, ಪೈಪಿನ ಮರೆಗೆ, ಅಂದರೆ ತುದಿಯ ತಿರುಪಿನ ಗೆರೆಗಳಿಗೆ, ಸುತ್ತಲು ಎಲ್ಲಿಂದಲೋ ಬಂದ ಸಣಬನ್ನು ಯಾಕೆ ಕೊಳ್ಳುತ್ತೀರಿ, ತೆಂಗಿನ ನಾರೇ ಇದೆಯಲ್ಲ ಎಂದು ಪ್ಲಂಬರನ್ನು ಕೇಳಿದ್ದೆ. ನಕ್ಕರು. ‘ದಪ್ಪ ಸಾರ್. ಮರೆ ಹತ್ತಲ್ಲ.’ ಅಷ್ಟರಲ್ಲೇ ಮುಗಿಸಬಹುದಿತ್ತು, ಆದರೆ ನನಗೆ ಮುಗಿಯಲಿಲ್ಲ. ತೆಂಗಿನ ನಾರಿನಲ್ಲಿ ಶೇಕಡ ನಲವತ್ತಕ್ಕೂ ಹೆಚ್ಚು ಲಿಗ್ನಿನ್, ಮರವನ್ನು ಮರವಾಗಿಸುವ ವಸ್ತು. ಸಣಬಿನಲ್ಲಿ ಅದು ಹನ್ನೆರಡರ ಆಸುಪಾಸು. ಸಣಬು ನೀರು ಕುಡಿದು ಉಬ್ಬಿ ಮರೆಯ ಸಂದು ತುಂಬುತ್ತದೆ. ತೆಂಗಿನ ನಾರು ಬಿರುಸಾಗಿ ನಿಂತುಕೊಳ್ಳುತ್ತದೆ, ಉಬ್ಬುವುದು ಕಡಿಮೆ. ಹಾಗಾದರೆ ಬಿರಡೆ ನೀರು ತಡೆದದ್ದು ಹೇಗೆ? ನಾರಿನಿಂದಲ್ಲ, ನಾರಿನ ನಡುವಿನ ಆ ಕಂದು ಪುಡಿಯಿಂದ. ತನ್ನ ತೂಕದ ಐದಾರು ಪಟ್ಟು ನೀರು ಹೀರುತ್ತದೆಂದು ಇವತ್ತು ಇಟ್ಟಿಗೆ ಮಾಡಿ ಹೊರದೇಶದ ನರ್ಸರಿಗಳಿಗೆ ಕಳಿಸುವುದು ಅದನ್ನೇ. ನಾರು ಆಕಾರ ಹಿಡಿಯುತ್ತದೆ, ಪುಡಿ ಉಬ್ಬುತ್ತದೆ. ಮಿಲ್ಲಿನವರು ಎರಡನ್ನೂ ಬೇರೆ ಮಾಡಿ ಮಾರುತ್ತಾರೆ. ಪ್ಲಂಬರಿಗೆ ಬೇಕಾದ್ದು ಎರಡೂ ಕೂಡಿರುವ ಸಿಪ್ಪೆ.

ಈ ಜೋಡಿಯನ್ನು ನಂಬಿ ಸಮುದ್ರಕ್ಕೇ ಇಳಿದವರಿದ್ದಾರೆ. ಪಶ್ಚಿಮ ಕರಾವಳಿಯಲ್ಲಿ, ಲಕ್ಷದ್ವೀಪದಲ್ಲಿ, ಅರಬ್ಬರ ತೀರದಲ್ಲಿ ಮೊಳೆ ಹೊಡೆಯದೆ ಹಲಗೆಗೆ ಹಲಗೆಯನ್ನು ತೆಂಗಿನ ಹಗ್ಗದಿಂದ ಹೊಲಿದು ಹಡಗು ಕಟ್ಟುತ್ತಿದ್ದರು. ಸಂದಿಗೆ ಸಿಪ್ಪೆಯ ನಾರು ತುಂಬಿ ಹೊಲಿಗೆಯಿಂದ ಬಿಗಿಯುತ್ತಿದ್ದರು. ಟಿಮ್ ಸೆವೆರಿನ್ ಎಂಬ ಸಾಹಸಿ 1980ರಲ್ಲಿ ‘ಸೊಹಾರ್’ ಎಂಬ ಹೊಲಿಗೆಯ ಹಡಗಿನಲ್ಲಿ ಒಮಾನ್‌ನಿಂದ ಹೊರಟು ಮರುವರ್ಷ ಚೀನಾ ಮುಟ್ಟಿದ. ಆ ಹಡಗನ್ನು ಹೊಲಿಯಲು ಬಳಸಿದ ತೆಂಗಿನ ಹುರಿಯ ಉದ್ದ ಸುಮಾರು ಆರುನೂರೈವತ್ತು ಕಿಲೋಮೀಟರ್. ಅಷ್ಟು ದೂರ ಯಾಕೆ, ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ ಕಟ್ಟಿದ ‘ಐಎನ್‌ಎಸ್‌ವಿ ಕೌಂಡಿನ್ಯ’ ನೌಕಾಪಡೆಗೆ ಸೇರಿದ್ದು ನಮ್ಮ ಕಾರವಾರದಲ್ಲೇ, 2025ರ ಮೇ 21ರಂದು. ಕೇರಳದ ಕುಶಲಕರ್ಮಿಗಳು ಹೊಲಿದದ್ದು. ತೆಂಗಿನ ಹಗ್ಗ, ತೆಂಗಿನ ನಾರು, ಮರದ ಅಂಟು, ಅಷ್ಟೆ. ಅದೇ ವರ್ಷದ ಕೊನೆಗೆ ಪೋರಬಂದರಿನಿಂದ ಮಸ್ಕತ್ ಕಡೆಗೆ ಹೊರಟಿತು. ಪತ್ರಿಕೆಗಳಲ್ಲಿ ಆ ಹಡಗಿನ ಚಿತ್ರ ನೋಡಿದಾಗೆಲ್ಲ ನನಗೆ ಕಾಣಿಸುವುದು ಟ್ಯಾಂಕಿನೊಳಗೆ ಇಳಿದ ಒಂದು ಕೈ.

ಇನ್ನು ರಬ್ಬರಿನ ಕಡೆ. ಆನೈಮಲೈ ಇರುವ ಕೊಯಮತ್ತೂರು ಜಿಲ್ಲೆಗೂ ರಬ್ಬರ್ ವಾಷರಿಗೂ ಒಂದು ಹಳೆಯ ನಂಟಿದೆ, ನಾನು ಕತ್ತರಿಸಿಟ್ಟ ಕಾಗದಗಳಲ್ಲಿ ಸಿಕ್ಕಿದ್ದು. ನಮ್ಮ ಹಳ್ಳಿಗಳ ಕೈಪಂಪುಗಳು ಒಂದು ಕಾಲಕ್ಕೆ ನಾಲ್ಕರಲ್ಲಿ ಮೂರು ಕೆಟ್ಟು ನಿಂತಿರುತ್ತಿದ್ದವು. ಸೊಲ್ಲಾಪುರದ ಕಡೆ ಚೆನ್ನಾಗಿ ಓಡುತ್ತಿದ್ದ ಪಂಪೊಂದನ್ನು ಆಧರಿಸಿ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಇಂಡಿಯಾ ಮಾರ್ಕ್ 2 ಬಂತು. ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡ್ಡಾಸ್ ಅದನ್ನು ತಯಾರಿಸಿತು. ಗಟ್ಟಿ ಪಂಪು, ಆದರೆ ಒಳಗಿನ ವಾಷರು ಚರ್ಮದ್ದು. ಅದು ಸವೆದಾಗ ಇಡೀ ಪೈಪಿನ ಸಾಲನ್ನು ಮೇಲೆತ್ತಬೇಕು: ವ್ಯಾನು, ಮುಕ್ಕಾಲಿ, ನಾಲ್ಕಾರು ಆಳು. 1983ರಿಂದ ಕೆಲವು ವರ್ಷ ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕಿನ ಯೋಜನೆಯೊಂದು ಕೊಯಮತ್ತೂರು ಸುತ್ತಿನ ಹಳ್ಳಿಗಳಲ್ಲಿ ಪರೀಕ್ಷೆ ನಡೆಸಿ, ಚರ್ಮದ ಬದಲು ನೈಟ್ರೈಲ್ ರಬ್ಬರು ಹಾಕಿತು. ಪೈಪನ್ನು 65 ಮಿಲಿಮೀಟರಿಗೆ ಅಗಲ ಮಾಡಿ, ಪಿಸ್ಟನ್ ಒಂದನ್ನೇ ಮೇಲೆಳೆಯುವಂತೆ ಮಾಡಿತು. ಹಾಗೆ ಹುಟ್ಟಿದ್ದು ಮಾರ್ಕ್ 3. ವ್ಯಾನಿಗೆ ಕಾಯದೆ ಊರವರೇ ವಾಷರ್ ಬದಲಿಸಿಕೊಳ್ಳಲಿ ಎಂಬುದು ಇಡೀ ಕಸರತ್ತಿನ ಉದ್ದೇಶ. ಮನೆಯ ರಿಪೇರಿಗೂ ನನಗೆ ಇದೇ ಸರಿಯಾದ ಅಳತೆ ಅನ್ನಿಸುತ್ತದೆ: ತಂತ್ರ ಎಷ್ಟು ಚತುರವಾಗಿದೆ ಎಂಬುದಲ್ಲ, ಬೆಳಗಿನ ಐದೂವರೆಗೆ ಮನೆಯಲ್ಲಿರುವವರು ಮಾಡಬಲ್ಲರೇ ಎಂಬುದು.

ಆ ಅಳತೆಯಲ್ಲಿ ಅಜ್ಜಿಯರ ಕಾಲದಿಂದ ಬಂದ ಬಾರ್ ಸೋಪಿಗೆ ಅರ್ಧ ಅಂಕ ಕೊಡುತ್ತೇನೆ. ಜಿನುಗುವ ಮರೆಗೆ ಸೋಪನ್ನು ಒತ್ತಿ ತಿಕ್ಕಿದರೆ ಸಂದು ಮುಚ್ಚುತ್ತದೆ, ಒಂದೆರಡು ದಿನ. ಲಾರಿ ಚಾಲಕರು ಡೀಸೆಲ್ ಟ್ಯಾಂಕಿನ ಸೋರಿಕೆಗೆ ಇದನ್ನೇ ಮಾಡುತ್ತಿದ್ದರು, ಅಲ್ಲಿ ಇದು ಇನ್ನೂ ಚೆನ್ನಾಗಿ ನಿಲ್ಲುತ್ತದೆ, ಏಕೆಂದರೆ ಸೋಪು ಡೀಸೆಲ್‌ನಲ್ಲಿ ಕರಗುವುದಿಲ್ಲ. ನೀರಿನಲ್ಲಿ ಕರಗುತ್ತದೆ. ಹವಾಯಿ ಚಪ್ಪಲಿ ಕತ್ತರಿಸಿ ವಾಷರ್ ಮಾಡುವುದು ನಮ್ಮೆಲ್ಲರ ಮನೆಗಳಲ್ಲೂ ಆಗಿದೆ; ಚಪ್ಪಲಿಯ ಸ್ಪಂಜು ಬೇಗ ಚಪ್ಪಟೆಯಾಗಿ ನಲ್ಲಿಯನ್ನು ಇನ್ನೂ ಬಿಗಿಯಾಗಿ ತಿರುಗಿಸುವಂತೆ ಮಾಡುತ್ತದೆ, ಹಾಗೆ ತಿರುಗಿಸಿ ತಿರುಗಿಸಿ ಒಳಗಿನ ಹಿತ್ತಾಳೆಯ ಕೂರುವ ಜಾಗವೇ ಹಾಳಾಗುತ್ತದೆ. ದಪ್ಪ ಲಾರಿ ಟ್ಯೂಬಿನ ತುಂಡು ಮೇಲು. ಹೊಸ ವಾಷರಿಗೆ ಕೊಡುವ ಬೆಲೆಗೆ ಇಷ್ಟು ಚರ್ಚೆಯೂ ಹೆಚ್ಚಾಯಿತು. ನಾಲ್ಕು ತಂದು ಡಬ್ಬಿಯಲ್ಲಿಡಿ.

ಹಳೆಯ ಜಿಐ ಪೈಪು ಯಾವಾಗಲೂ ಮರೆಯಲ್ಲೇ ಯಾಕೆ ಸೋರುತ್ತದೆ ಗೊತ್ತೇ? ಮರೆ ಕೊರೆಯುವಾಗ ಮೇಲಿನ ಸತುವಿನ ಲೇಪ ಹೋಗಿಬಿಡುತ್ತದೆ, ತುಕ್ಕು ಅಲ್ಲಿಂದಲೇ ಶುರು. ಹಳೆಯವರು ಅಲ್ಲಿಗೆ ಸಣಬು ಸುತ್ತಿ ಸಫೇದ ಬಳಿಯುತ್ತಿದ್ದರು. ಹಳೆಯ ಸಫೇದದಲ್ಲಿ ಸೀಸ ಇರುತ್ತಿತ್ತು. ಅಟ್ಟದ ಮೇಲೆ ಅಂಥ ಡಬ್ಬಿ ಸಿಕ್ಕಿದರೆ ಕುಡಿಯುವ ನೀರಿನ ಪೈಪಿಗೆ ಹಚ್ಚಬೇಡಿ. 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಫ್ರಿಜ್ಜಿನ ಅನಿಲ ಹುಡುಕುತ್ತ ಕಂಡ ಟೆಫ್ಲಾನ್ ಈಗ ಸಣಬಿನ ಜಾಗಕ್ಕೆ ಬಂದಿದೆ. ಅದನ್ನು ಮರೆಯ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಎಲ್ಲ ಬಿಚ್ಚಿ ಮುದ್ದೆಯಾಗುತ್ತದೆ. ಒಮ್ಮೆ ಬಿಗಿ ಮಾಡಿದ್ದನ್ನು ಹಿಂದಕ್ಕೆ ತಿರುಗಿಸಿದಿರೋ, ಕಿತ್ತು ಹೊಸದಾಗಿ ಸುತ್ತಬೇಕು.

ಎಂ-ಸೀಲನ್ನು ನೀರು ಹರಿಯುತ್ತಿರುವಾಗಲೇ ಮೆತ್ತಿ ಬೈದುಕೊಳ್ಳುವವರು ಬಹಳ. ಅದು ಒದ್ದೆ ಪೈಪಿಗೆ ಹಿಡಿಯುವುದಿಲ್ಲ. ನೀರು ಪೂರ್ತಿ ನಿಲ್ಲಿಸಲು ಆಗದಿದ್ದರೆ ಊದುಬತ್ತಿಯ ಕಡ್ಡಿಯ ತುದಿಯನ್ನು ಚೂಪು ಮಾಡಿ ತೂತಿಗೆ ಒತ್ತಿ ಮುರಿಯಬೇಕು. ಬಿದಿರು ತಾನೆ, ನೀರು ಕುಡಿದು ಉಬ್ಬಿ ಕೂರುತ್ತದೆ. ಹಡಗುಗಳಲ್ಲಿ ತೂತು ಮುಚ್ಚಲು ಮೆದು ಮರದ ಗೂಟಗಳನ್ನು ಇಟ್ಟುಕೊಂಡಿರುವುದೂ ಇದೇ ಕಾರಣಕ್ಕೆ. ಆಮೇಲೆ ಪೈಪನ್ನು ಒರೆಸಿ, ಎಂ-ಸೀಲಿನ ಎರಡು ಉಂಡೆಗಳನ್ನು ಒಂದೇ ಬಣ್ಣ ಬರುವವರೆಗೆ ನಾದಿ ಮೆತ್ತಬೇಕು. ಫ್ಲಶ್ ಟ್ಯಾಂಕು ನಿಲ್ಲದೆ ಹರಿಯುತ್ತಿದ್ದರೆ ಒಳಗಿನ ತೇಲುವ ಉಂಡೆಯನ್ನು ಅಲ್ಲಾಡಿಸಿ ನೋಡಿ. ನೀರು ಹೊಕ್ಕಿದ್ದರೆ ಬಿಚ್ಚಿ ಚೆಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯೊಂದಿಗೆ ಬಿಗಿಯಾಗಿ ಕಟ್ಟಿ ಮತ್ತೆ ಹಾಕಬಹುದು.

ಆದರೆ ಸಿಂಕಿಗೆ ಅಡುಗೆ ಸೋಡಾ, ವಿನೆಗರ್ ಸುರಿಯುವ ಫ್ಯಾಷನ್ನಿನಲ್ಲಿ ನನಗೆ ನಂಬಿಕೆ ಇಲ್ಲ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಬೆರೆತು ಬುಸ್ಸೆಂದು ನೊರೆ ಬಂದ ಮೇಲೆ ಉಳಿಯುವುದು ಉಪ್ಪಿನಂಥದೊಂದು ನೀರು. ನೋಡಲು ಚೆಂದ. ಆನೈಮಲೈಯಲ್ಲಿ ಸಿಂಕು ಕಟ್ಟುವ ಕಾಲ ಮಾರ್ಗಳಿ, ಕಾರಣ ಸರಳ. ತೆಂಗಿನ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಅಲ್ಲಿಯ ಅಡುಗೆಯಲ್ಲಿ ಅದು ಧಾರಾಳ. ಅಮ್ಮ ರಾತ್ರಿ ಪಾತ್ರೆ ತೊಳೆದ ಮೇಲೆ ಒಂದು ಚೊಂಬು ಬಿಸಿನೀರು ಸುರಿಯುತ್ತಾರೆ, ಅಷ್ಟೆ. ಕುದಿಯುವುದನ್ನು ಸುರಿಯಬಾರದು, ಎಂಬತ್ತು ಡಿಗ್ರಿಯ ಹತ್ತಿರ ಪಿವಿಸಿ ಮೆತ್ತಗಾಗಿ ಜೋಡಣೆ ಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ಅಡಿಗೆ ಬಕೆಟ್ ಇಟ್ಟು, ಸಿಂಕಿನ ಕೆಳಗಿನ ಬಾಟಲ್ ಟ್ರಾಪನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ ತೊಳೆಯಿರಿ. ಅಸಹ್ಯದ ಕೆಲಸ, ಹತ್ತು ನಿಮಿಷದ್ದು. ಒಂದು ಮಾತ್ರ ತಮಾಷೆಯಲ್ಲ: ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಕಡೆ ಹಾಕಬೇಡಿ. ಬರುವುದು ಕ್ಲೋರಿನ್ ಅನಿಲ. ಬಾಗಿಲು ಮುಚ್ಚಿದ ಬಚ್ಚಲಮನೆಯಲ್ಲಿ ಪ್ರಾಣಕ್ಕೇ ಸಂಚಕಾರ.

ಪೇಪರ್ ಉರಿಸಿ ಪಿವಿಸಿ ಪೈಪಿನ ತುದಿ ಕಾಯಿಸಿ, ಹಿಗ್ಗಿಸಿ, ಇನ್ನೊಂದು ಪೈಪನ್ನು ಒಳಗೆ ತುರುಕುವ ವಿದ್ಯೆ ತೋಟಗಳಲ್ಲಿ ಎಲ್ಲರಿಗೂ ಬರುತ್ತದೆ. ನಮ್ಮ ಪ್ಲಂಬರು ಅದನ್ನು ಮನೆಯ ಪೈಪಿಗೆ ಮಾಡುವುದಿಲ್ಲ. ಹಿಗ್ಗಿದ ಕಡೆ ಗೋಡೆ ತೆಳುವಾಗುತ್ತದೆ, ಒಂದು ಕಡೆ ಸುಟ್ಟು ಇನ್ನೊಂದು ಕಡೆ ಕಾಯದೆ ಉಳಿಯುತ್ತದೆ, ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಕಪ್ಲಿಂಗ್ ತಂದು ಸಾಲ್ವೆಂಟ್ ಹಚ್ಚಿ ಕೂರಿಸುವುದಕ್ಕೆ ಅದಕ್ಕಿಂತ ಕಡಿಮೆ ಹೊತ್ತು ಸಾಕು ಎಂಬುದು ಅವರ ವಾದ. ನನಗೂ ಹಾಗೇ ಅನ್ನಿಸಿತು.

ಮನೆಯಲ್ಲಿ ಪಂಕ್ಚರ್ ಅಂಗಡಿಯಿಂದ ತಂದ ಟ್ಯೂಬಿನ ಪಟ್ಟಿ, ಒಂದು ಟೆಫ್ಲಾನ್ ಟೇಪು, ನಾಲ್ಕು ವಾಷರು, ಒಂದು ಎಂ-ಸೀಲ್, ಒಂದು ಪೆನ್ಸಿಲ್ ಇರಲಿ. ಕಟ್ಟಿದ ದಿನ, ಬಿಚ್ಚಬೇಕಾದ ದಿನ ಎರಡನ್ನೂ ಗೋಡೆಗೆ ಬರೆಯಿರಿ; ಗೋಡೆ ಹಾಳಾಗುತ್ತದೆಂಬ ಚಿಂತೆಯಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆದಿಡುವುದಿಲ್ಲವೇ? ಅದಕ್ಕೂ ಮೊದಲು, ಇವತ್ತು ಭಾನುವಾರವೇ ಆಗಿದ್ದರೆ ಇವತ್ತೇ, ತಾರಸಿಗೆ ಹೋಗಿ ಗೇಟ್‌ವಾಲ್ವನ್ನು ಪೂರ್ತಿ ಮುಚ್ಚಿ ಪೂರ್ತಿ ತೆರೆದು ನೋಡಿ. ತಿರುಗದಿದ್ದರೆ ರೆಂಚ್ ಹಾಕಬೇಡಿ, ಪ್ಲಂಬರಿಗೆ ಫೋನ್ ಮಾಡಿ. ಎಲ್ಲರ ಅಂಗಳದಲ್ಲೂ ತೆಂಗಿನ ಸಿಪ್ಪೆ ಬಿದ್ದಿರುವುದಿಲ್ಲ.